ಹಿಮಾಲಯದ ಹಿಮಕ್ಕೂ ನಮ್ಮ ಮಾಗಿಗೂ ಏನು ನಂಟು?

ಈ ಸಲ ತಿಪ್ಪಸಂದ್ರ ಹೋಬಳಿಯಿಂದ, ಹಾಗೆಯೇ ಮಾಗಡಿ, ಕುದೂರು, ರಾಮನಗರ, ಚನ್ನಪಟ್ಟಣದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಯ ಬಗ್ಗೆ, ಹಿಮದ ಬಗ್ಗೆ ಇವೆ. ಹಿಮವನ್ನೇ ಕಾಣದ ಸೀಮೆಯವರು ಹಿಮದ ಬಗ್ಗೆ ಇಷ್ಟು ಯೋಚಿಸುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಬೆಳೆ, ನಿಮ್ಮ ಮಕ್ಕಳು, ನಿಮ್ಮ ಮನೆಯ ಹಿರಿಯರು ಈ ಪ್ರಶ್ನೆಗಳ ಹಿಂದೆ ಇದ್ದಾರೆ. ಒಂದೊಂದಾಗಿ ನೋಡೋಣ.

ಪ್ರಶ್ನೆ: ನಮ್ಮದು ತಿಪ್ಪಸಂದ್ರದ ಹತ್ತಿರ ಮೂರು ಎಕರೆ ಹೊಲ. ಕೊಳವೆಬಾವಿ ಬತ್ತಿಹೋಗಿದೆ. ಮಳೆಯನ್ನೇ ನಂಬಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕುತ್ತೇವೆ. ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದರೆ ನಮಗೆ ಮುಂಗಾರು ಕೈಕೊಡುತ್ತದೆ ಎಂದು ಟಿ.ವಿ.ಯಲ್ಲಿ ಹೇಳಿದರು. ಈಗ ಅಲ್ಲಿ ಹಿಮ ಸುರಿಯುವ ಚಿತ್ರ ದಿನವೂ ಬರುತ್ತಿದೆ. 2023ರ ಬರದಲ್ಲಿ ಮೇವಿಲ್ಲದೆ ಒಂದು ಜೊತೆ ಎತ್ತು ಮಾರಿದೆವು. ಈ ಸಲ ಒಳ್ಳೆಯ ಬೆಲೆ ಇರುವಾಗಲೇ ಹಸುಗಳನ್ನೂ ಮಾರಿಬಿಡಲೇ?
– ರಾಗಿ ಬೆಳೆಗಾರರು, ತಿಪ್ಪಸಂದ್ರ

ಉತ್ತರ: ಎಲ್ಲೋ ದೂರದ ಬೆಟ್ಟದ ಮೇಲೆ ಬಿದ್ದ ಹಿಮ ನಿಮ್ಮ ಹೊಲದ ಮಳೆಯನ್ನು ತಡೆಯುತ್ತದೆಯೇ, ಅದಕ್ಕಾಗಿ ಈಗಲೇ ಹಸು ಮಾರಬೇಕೇ ಎಂಬುದು ನಿಮ್ಮ ಚಿಂತೆ. ಬರದಲ್ಲಿ ಎತ್ತು ಕಳೆದುಕೊಂಡವರಿಗೆ ಈ ಭಯ ಬರುವುದು ಸಹಜ. ಮೊದಲು ಸಮಾಧಾನ ಮಾಡಿಕೊಳ್ಳಿ. ಡಿಸೆಂಬರ್, ಜನವರಿಯ ಹಿಮ ನೋಡಿ ಹಸು ಮಾರುವ ಅಗತ್ಯವಿಲ್ಲ. ಟಿ.ವಿ.ಯವರು ಹೇಳಿದ್ದು ಸುಳ್ಳಲ್ಲ. ಆದರೆ ಮುಂಗಾರಿನ ದೊಡ್ಡ ಲೆಕ್ಕದಲ್ಲಿ ಅದೊಂದು ಸಣ್ಣ ಬಾಬತ್ತು.

ಈ ವಿಚಾರ ಹುಟ್ಟಿದ್ದೇ ಬರದಿಂದ. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರದ ಬರ ಎಂದು ನಡುಗುತ್ತಾ ನೆನೆಯುತ್ತಿದ್ದ 1876–78ರ ಕ್ಷಾಮ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮುಂದಿನ ಬರವನ್ನು ಮೊದಲೇ ತಿಳಿಯಲು ಸಾಧ್ಯವೇ ಎಂದು ಆಗ ಸರ್ಕಾರ ಕೇಳಿದ್ದು, 1875ರಲ್ಲಷ್ಟೇ ಶುರುವಾಗಿದ್ದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಅವರನ್ನು. ಅವರು ಹಿಮಾಲಯದ ಕಡೆ ನೋಡಿದರು. ಚಳಿಗಾಲದಲ್ಲೂ ವಸಂತದಲ್ಲೂ ಹಿಮ ಹೆಚ್ಚು ಬಿದ್ದ ವರ್ಷಗಳಲ್ಲಿ ಉತ್ತರದ ಬಯಲಿಗೆ ಒಣಗಾಳಿ ಬೀಸಿ ಮಳೆ ಹಿಂದಾಗುತ್ತದೆ ಎಂದು 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಆ ಆಧಾರದ ಮೇಲೆ 1886ರಿಂದ ಪ್ರತಿ ವರ್ಷ ಮುಂಗಾರಿನ ಮುನ್ಸೂಚನೆ ಬರತೊಡಗಿತು. ನೀವು ಟಿ.ವಿ.ಯಲ್ಲಿ ಕೇಳಿದ ಮಾತಿಗೆ ಇಷ್ಟು ಹಳೆಯ ಬೇರಿದೆ.

ಹಿಮ ಮುಂಗಾರನ್ನು ಹೇಗೆ ತಡೆಯುತ್ತದೆ? ಏಪ್ರಿಲ್, ಮೇ ತಿಂಗಳಲ್ಲಿ ನೆಲ ಚೆನ್ನಾಗಿ ಕಾಯಬೇಕು. ಕಾದ ನೆಲಕ್ಕೂ ತಣ್ಣಗಿರುವ ಹಿಂದೂ ಮಹಾಸಾಗರಕ್ಕೂ ಇರುವ ಅಂತರವೇ ಮಳೆಗಾಳಿಯನ್ನು ಒಳಕ್ಕೆ ಎಳೆಯುವುದು. ಇದರಲ್ಲಿ ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಟಿಬೆಟ್ ಪ್ರಸ್ಥಭೂಮಿಯ ಪಾಲು ದೊಡ್ಡದು. ಅಲ್ಲಿನ ನೆಲವನ್ನು ಹಿಮ ಮುಚ್ಚಿಕೊಂಡಿದ್ದರೆ ಎರಡು ರೀತಿಯಲ್ಲಿ ತಡವಾಗುತ್ತದೆ. ಹೊಸದಾಗಿ ಬಿದ್ದ ಹಿಮದ ಆಲ್ಬೆಡೊ (ಬಿದ್ದ ಬಿಸಿಲಿನಲ್ಲಿ ಹಿಂದಕ್ಕೆ ಚಿಮ್ಮಿ ಹೋಗುವ ಪಾಲು) ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು. ಬರಿಯ ನೆಲವಾದರೆ ಅದು ಹತ್ತರಿಂದ ಮೂವತ್ತರ ಒಳಗೆ. ಉಳಿದ ಬಿಸಿಲೂ ನೆಲ ಕಾಯಿಸುವುದಕ್ಕೆ ಸಿಗುವುದಿಲ್ಲ, ಹಿಮ ಕರಗಿಸುವುದರಲ್ಲೇ ಖರ್ಚಾಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲರಿ ಗುಪ್ತೋಷ್ಣ (ತಾಪಮಾನ ಏರಿಸದೆ ಕರಗುವುದಕ್ಕಷ್ಟೇ ಹೋಗುವ ಶಾಖ) ಬೇಕು. ಅಷ್ಟೇ ಶಾಖದಲ್ಲಿ ಒಂದು ಗ್ರಾಂ ತಣ್ಣೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಕರಗಿದ ಮೇಲೂ ನೆಲ ಒದ್ದೆ, ಅದು ಒಣಗುವವರೆಗೆ ಮತ್ತೆ ಕಾಯಬೇಕು. ಹೀಗೆ ಮಾಗಿಯ ಹಿಮದ ಪರಿಣಾಮ ಬೇಸಿಗೆಯ ತನಕ ಉಳಿಯುತ್ತದೆ.

ಇಷ್ಟು ಓದಿದರೆ ಭಯ ಹೆಚ್ಚಾದೀತು. ಆದ್ದರಿಂದ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಬ್ಲಾನ್‌ಫೋರ್ಡರ ನಂತರ ಬಂದವರ ಮುನ್ಸೂಚನೆ 1899ರಲ್ಲಿ ಕೆಟ್ಟದಾಗಿ ತಪ್ಪಿತು. ಅದು ದೇಶದ ಘೋರ ಬರಗಳಲ್ಲೊಂದು. 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್ ಹಿಮದ ಜೊತೆಗೆ ದಕ್ಷಿಣ ಅಮೆರಿಕ ಮತ್ತು ಮಾರಿಷಸ್‌ನ ವಾಯುಭಾರ, ಜಾಂಜಿಬಾರ್‌ನ ಮಳೆ, ಇವನ್ನೂ ಕೂಡಿಸಿ ಲೆಕ್ಕ ಹಾಕಿದರು. ಹೀಗೆ ಹುಡುಕುತ್ತಾ ಹೋಗಿ ಪೆಸಿಫಿಕ್ ಸಾಗರದ ವಾಯುಭಾರದ ತೂಗಾಟವನ್ನು ಗುರುತಿಸಿದವರೂ ಅವರೇ. ಪೆಸಿಫಿಕ್‌ನ ನಡುಭಾಗ ಮತ್ತು ಪೂರ್ವಭಾಗದ ನೀರು ಕಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ ಎಂದು ಇಂದು ನಾವು ಹೇಳುವುದು ಇದೇ ತೂಗಾಟದ ಜೊತೆಗಾರರನ್ನು. ಮುಂಗಾರಿನ ಮೇಲೆ ಹಿಮಕ್ಕಿಂತ ಎಲ್ ನಿನೊ ಹಿಡಿತ ಬಲವಾದದ್ದು. ಎಲ್ ನಿನೊ ವರ್ಷಗಳಲ್ಲಿ ಎಷ್ಟೋ ಸಲ ಟಿಬೆಟ್ಟಿನಲ್ಲಿ ಹಿಮವೂ ಹೆಚ್ಚುತ್ತದೆ, ಮಳೆಯೂ ಕುಗ್ಗುತ್ತದೆ. ಆಗ ಮಳೆ ಕೆಡಿಸಿದ್ದು ಹಿಮವೆಂದು ಕಂಡರೂ ಎರಡರ ಹಿಂದೆ ಸಮುದ್ರವೇ ಇರಬಹುದು.

ಇನ್ನೊಂದು ಮಾತು. ಲೆಕ್ಕಕ್ಕೆ ಬರುವುದು ಹಿಮಾಲಯದ ಒಂದು ಕಣಿವೆಯ ಹಿಮವಲ್ಲ, ಯುರೋಪಿನಿಂದ ಸೈಬೀರಿಯಾದ ತನಕ ಹರಡಿದ ಇಡೀ ಯುರೇಷಿಯಾದ ಹಿಮ. ಉಪಗ್ರಹಗಳು ಅದನ್ನು ಅಳೆಯಲು ತೊಡಗಿದ್ದು 1966ರ ಸುಮಾರಿಗೆ. 1976ರಲ್ಲಿ ಡಗ್ಲಸ್ ಹಾನ್ ಮತ್ತು ಜಗದೀಶ್ ಶುಕ್ಲಾ ಆ ಚಿತ್ರಗಳನ್ನು ಮುಂಗಾರಿನ ಜೊತೆ ಹೋಲಿಸಿ, ಯುರೇಷಿಯಾದಲ್ಲಿ ಹಿಮ ಹರಡಿದಷ್ಟೂ ಭಾರತದ ಮಳೆ ಕಡಿಮೆ ಎಂಬ ಒಲವನ್ನು ಕಂಡರು. ಇಂದಿಗೂ ಹವಾಮಾನ ಇಲಾಖೆ ಏಪ್ರಿಲ್ ಮುನ್ಸೂಚನೆಯಲ್ಲಿ ಇದನ್ನು ಗಮನಿಸುತ್ತದೆ. 2025ರಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಹಿಮದ ಹರವು ವಾಡಿಕೆಗಿಂತ ಕಡಿಮೆಯಿದೆ ಎಂದು ಹೇಳಿ, ದೇಶಕ್ಕೆ ವಾಡಿಕೆಯ ಶೇ 105ರಷ್ಟು ಮಳೆಯ ಅಂದಾಜು ಕೊಟ್ಟಿತ್ತು. ಬಂದದ್ದು ಶೇ 108. ಆದರೆ ಆ ಅಂದಾಜಿನಲ್ಲಿ ಪೆಸಿಫಿಕ್, ಹಿಂದೂ ಮಹಾಸಾಗರಗಳ ಸ್ಥಿತಿಯೂ ಸೇರಿತ್ತು ಎಂಬುದನ್ನು ಮರೆಯಬೇಡಿ.

ನಿಮಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಇದು. ದೇಶದ ಮಳೆಯ ಲೆಕ್ಕ ಬೇರೆ, ತಿಪ್ಪಸಂದ್ರದ ಮಳೆಯ ಲೆಕ್ಕ ಬೇರೆ. 2023ರಲ್ಲಿ ದೇಶಕ್ಕೆ ಶೇ 94ರಷ್ಟು ಮಳೆ ಬಂದಿತ್ತು, ದೊಡ್ಡ ಕೊರತೆಯೇನಲ್ಲ. ಅದೇ ವರ್ಷ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ನಮ್ಮ ಕಡೆ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ರಾಗಿ ತೆನೆ ಕಟ್ಟುವುದೂ ಆ ಆಸುಪಾಸಿನಲ್ಲೇ. ಹಿಮದ ಪ್ರಭಾವ ಎಷ್ಟಿದ್ದರೂ ಅದು ಮುಂಗಾರಿನ ಮೊದಲ ಭಾಗದಲ್ಲಿ, ಅದೂ ಉತ್ತರದ ಕಡೆಗೆ ಹೆಚ್ಚು. ನಮ್ಮ ಸೆಪ್ಟೆಂಬರಿನ ಗುಡುಗು ಮಳೆಯ ತನಕ ಬರುವ ಹೊತ್ತಿಗೆ ಅದು ತೀರಾ ಸವೆದಿರುತ್ತದೆ.

ಆದ್ದರಿಂದ ಹೀಗೆ ಮಾಡಿ. ಈಗ ಕಣದಲ್ಲಿರುವ ರಾಗಿ ಹುಲ್ಲನ್ನು ಒಳ್ಳೆಯ ಬೆಲೆ ಬಂತೆಂದು ಪೂರ್ತಿ ಮಾರಬೇಡಿ. ಮೆದೆಯನ್ನು ನೆನೆಯದಂತೆ ಒಟ್ಟಿ, ಮುಂದಿನ ಶ್ರಾವಣದ ತನಕ ಹಸುಗಳಿಗೆ ಆಗುವಷ್ಟು ಇಟ್ಟುಕೊಳ್ಳಿ. 2023ರಲ್ಲಿ ನಿಮ್ಮನ್ನು ಕಂಗೆಡಿಸಿದ್ದು ಮೇವು, ಅದಕ್ಕೆ ಮದ್ದು ಇದೇ. ಏಪ್ರಿಲ್ ನಡುವಿನಲ್ಲಿ ಬರುವ ಮುನ್ಸೂಚನೆಯನ್ನು ಕೇಳಿ, ಮೇ ಕೊನೆಗೆ ಇಲಾಖೆ ಅದನ್ನು ತಿದ್ದಿ ಹೇಳುವುದನ್ನೂ ಕೇಳಿ. ಬಿತ್ತನೆ ಬೀಜವನ್ನು ಮಾತ್ರ ಮಳೆ ನೋಡಿಯೇ ಆರಿಸಿ. ಬೇಗ ಹದವಾದರೆ ಎಂ.ಆರ್.-1, ಎಂ.ಆರ್.-6ರಂಥ ದೀರ್ಘಾವಧಿ ತಳಿ. ಜುಲೈ ದಾಟಿದರೆ ಜಿ.ಪಿ.ಯು.-28. ಆಗಸ್ಟ್ ಹೊತ್ತಿಗೂ ಹದ ಸಿಗದಿದ್ದರೆ ನೂರೈದು ದಿನದೊಳಗೆ ಬರುವ ಜಿ.ಪಿ.ಯು.-48. ಅದೂ ತಪ್ಪಿದರೆ ಹುರುಳಿ ಇದ್ದೇ ಇದೆ. ಅಕ್ಕಡಿ ಸಾಲು ಬಿಡಬೇಡಿ. ರಾಗಿ ಕೈಕೊಟ್ಟ ವರ್ಷವೂ ಮಾಗಡಿ ಅವರೆ ಇಬ್ಬನಿಯಲ್ಲೇ ಕಾಯಿ ಕಟ್ಟಿ ಎಷ್ಟು ಮನೆಗಳನ್ನು ಕಾಪಾಡಿದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ತಾಲ್ಲೂಕಿನಲ್ಲೇ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಬೀಜದ ವಿಷಯಕ್ಕೆ ಅಲ್ಲಿ ಕೇಳಿ. ದಿನದ ಮಳೆಯ ಮಾಹಿತಿಗೆ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ.

ಪ್ರಶ್ನೆ: ನಾನು ಮಾಗಡಿಯಲ್ಲಿ ದ್ವಿತೀಯ ಪಿ.ಯು. ಓದುತ್ತಿದ್ದೇನೆ. ಚಳಿ ಹೆಚ್ಚಾದ್ದರಿಂದ ಹಿಮ ಬೀಳುತ್ತದೆಯೋ, ಹಿಮ ಬಿದ್ದದ್ದರಿಂದ ಚಳಿ ಹೆಚ್ಚುತ್ತದೆಯೋ? ಒಂದು ಪುಸ್ತಕದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೆ ಸರಿ?
– ವಿದ್ಯಾರ್ಥಿನಿ, ಮಾಗಡಿ

ಉತ್ತರ: ಎರಡು ಪುಸ್ತಕಗಳು ಎರಡು ಮಾತು ಹೇಳಿ ನಿಮ್ಮನ್ನು ಗೊಂದಲಕ್ಕೆ ಹಾಕಿವೆ. ಗಾಬರಿ ಬೇಡ, ಎರಡೂ ಸರಿ. ಅವು ಒಂದೇ ಸುತ್ತಿನ ಎರಡು ಅರ್ಧಗಳು.

ಮೊದಲ ಅರ್ಧ: ಗಾಳಿ ಹಿಮವನ್ನು ತರುತ್ತದೆ. ಹಿಮಾಲಯಕ್ಕೆ ಚಳಿಗಾಲದ ಹಿಮ ಬರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳಿಂದ (ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಪೂರ್ವಕ್ಕೆ ಸಾಗಿ ಬರುವ ಬಿರುಗಾಳಿ ವ್ಯವಸ್ಥೆಗಳು). ಅವನ್ನು ತಳ್ಳಿಕೊಂಡು ಬರುವುದು ಜೆಟ್ ಸ್ಟ್ರೀಮ್ (ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಅತಿವೇಗದ ಗಾಳಿಯ ಪ್ರವಾಹ). ಆ ಪ್ರವಾಹ ಎತ್ತ ಬಾಗುತ್ತದೆ ಎಂಬುದರಲ್ಲಿ ಉತ್ತರ ಅಟ್ಲಾಂಟಿಕ್ ತೂಗಾಟಕ್ಕೆ (ಐಸ್‌ಲ್ಯಾಂಡ್ ಕಡೆಯ ಮತ್ತು ಅಜೋರ್ಸ್ ದ್ವೀಪಗಳ ಕಡೆಯ ವಾಯುಭಾರದ ಏರಿಳಿತ) ಪಾಲಿದೆ. ಈ ತೂಗಾಟಕ್ಕೆ ಹೆಸರಿಟ್ಟವರು ಹಿಂದಿನ ಉತ್ತರದಲ್ಲಿ ಬಂದ ಗಿಲ್ಬರ್ಟ್ ವಾಕರ್. ಭಾರತದ ಮಳೆಗೆ ಕಾರಣ ಹುಡುಕುತ್ತಾ ಹೊರಟವರಿಗೆ 1920ರ ದಶಕದಲ್ಲಿ ಅಟ್ಲಾಂಟಿಕ್‌ನ ಗುಟ್ಟು ಸಿಕ್ಕಿತು. ನನಗೆ ಇದು ವಿಜ್ಞಾನದ ಇತಿಹಾಸದಲ್ಲೇ ಬಹಳ ಇಷ್ಟವಾದ ಸಂಗತಿ.

ಎರಡನೆಯ ಅರ್ಧ: ಬಿದ್ದ ಹಿಮ ಗಾಳಿಯನ್ನು ಬದಲಿಸುತ್ತದೆ. ಉತ್ತರ ಗೋಳಾರ್ಧದಲ್ಲಿ ಆಗಸ್ಟ್‌ನಲ್ಲಿ ಸುಮಾರು 30 ಲಕ್ಷ ಚದರ ಕಿಲೋಮೀಟರ್ ಇರುವ ಹಿಮ, ಜನವರಿಗೆ ಸುಮಾರು 4.6 ಕೋಟಿ ಚದರ ಕಿಲೋಮೀಟರಿಗೆ ಹರಡುತ್ತದೆ. ಭಾರತದಂಥ ಹದಿನಾಲ್ಕು ದೇಶಗಳನ್ನು ಮುಚ್ಚುವಷ್ಟು! ಅದರ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಕೂರುತ್ತದೆ. ಸೈಬೀರಿಯಾದ ಮೇಲೆ ಹೀಗೆ ಕೂತ ಭಾರದ ಗಾಳಿಗೇ ಸೈಬೀರಿಯಾದ ಅಧಿಕ ಒತ್ತಡ ಎಂದು ಹೆಸರು. ಅಲ್ಲಿಂದ ಹೊರಬೀಳುವ ಚಳಿಗಾಳಿ ಅಕ್ಕಪಕ್ಕದ ದೇಶಗಳನ್ನೂ ತಣ್ಣಗೆ ಮಾಡಿ ಇನ್ನಷ್ಟು ಹಿಮ ನಿಲ್ಲುವಂತೆ ಮಾಡುತ್ತದೆ. ನಮ್ಮ ಪುಣ್ಯಕ್ಕೆ ಟಿಬೆಟ್ಟು, ಹಿಮಾಲಯ ಅಡ್ಡ ನಿಂತಿವೆ. ಇಲ್ಲದಿದ್ದರೆ ಆ ಚಳಿ ನೇರವಾಗಿ ಗಂಗಾ ಬಯಲಿಗೆ ನುಗ್ಗುತ್ತಿತ್ತು.

ಪರೀಕ್ಷೆಯಲ್ಲಿ ‘ಪರಸ್ಪರ ಪ್ರಭಾವ’ ಎಂದು ಬರೆದು ಎರಡೂ ದಿಕ್ಕಿಗೆ ಒಂದೊಂದು ಉದಾಹರಣೆ ಕೊಡಿ. ಈ ವಿಷಯದಲ್ಲಿ ಮುಂದೆ ಓದುವ ಆಸೆಯಿದ್ದರೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನದ ಕೇಂದ್ರವಿದೆ. ಅಲ್ಲಿ ದಶಕಗಳ ಕಾಲ ಮುಂಗಾರನ್ನು ಅಭ್ಯಾಸ ಮಾಡಿದ ಸುಲೋಚನಾ ಗಾಡ್ಗೀಳ್ ಪಾವಗಡದ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂದು ಅವರ ಅನುಭವದಿಂದಲೂ ಕಲಿತವರು. ಗಣಿತ ಗಟ್ಟಿ ಮಾಡಿಕೊಳ್ಳಿ. ಊರಿನ ಹಿರಿಯ ರೈತರ ಮಾತನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಬಾದಾಮಿ, ಸೇಂದೂರ ತೋಪಿನಲ್ಲಿ ಜನವರಿ ಬಂದರೂ ಹೂವಿಲ್ಲ, ಕೆಂಪು ಚಿಗುರು ಹೊಡೆದಿದೆ. ಡಿಸೆಂಬರಿನಲ್ಲಿ ಹಗಲೆಲ್ಲ ನಡುಗುವಷ್ಟು ಚಳಿಯಿತ್ತು, ಮಾವಿಗೆ ಚಳಿ ಬೇಕು ಎನ್ನುತ್ತಾರಲ್ಲ! ಉತ್ತರದಲ್ಲಿ ಹಿಮ ಕಡಿಮೆಯಾದ್ದರಿಂದ ಹೀಗಾಯಿತೇ? ತೋಪು ಗುತ್ತಿಗೆಗೆ ಕೇಳುವವರೇ ಇಲ್ಲ.
– ಮಾವು ಬೆಳೆಗಾರರು, ರಾಮನಗರ

ಉತ್ತರ: ಚಳಿ ಬಿದ್ದರೂ ಹೂವು ಬರಲಿಲ್ಲವೇಕೆ, ಈ ವರ್ಷದ ಫಸಲು ಹೋಯಿತೇ ಎಂದು ನೀವು ಕಂಗಾಲಾಗಿದ್ದೀರಿ. ಫಸಲು ಪೂರ್ತಿ ಹೋಯಿತೆಂದು ಈಗಲೇ ಕೈಚೆಲ್ಲಬೇಡಿ. ನಮ್ಮ ಕಡೆ ಫೆಬ್ರುವರಿಯ ತನಕ ಎರಡು ಮೂರು ಸಲ ಹೂವು ಬಿಡುವುದುಂಟು.

ಇಲ್ಲಿ ಹಿಮದ ಮೇಲೆ ತಪ್ಪು ಹೊರಿಸುವಂತಿಲ್ಲ. ಹಿಮಾಲಯ ನಮ್ಮಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ. ಅಲ್ಲಿ ಹಿಮ ಬಿದ್ದು ವೆಸ್ಟರ್ನ್ ಡಿಸ್ಟರ್ಬೆನ್ಸ್ ದಾಟಿಹೋದ ಮೇಲೆ ಉತ್ತರದ ಒಣಗಾಳಿ ಇಳಿಯುತ್ತದೆ. ಅದು ಬೀದರ್, ಕಲಬುರಗಿ, ವಿಜಯಪುರವನ್ನು ಚೆನ್ನಾಗಿಯೇ ನಡುಗಿಸುತ್ತದೆ, ನಮ್ಮ ತನಕ ಬರುವ ಹೊತ್ತಿಗೆ ಸೊರಗುತ್ತದೆ. ರಾಮನಗರ, ಮಾಗಡಿಯ ಮಾಗಿ ಚಳಿಯ ಬಹುಪಾಲು ಇಲ್ಲೇ ಹುಟ್ಟುವುದು. ಮೋಡವಿಲ್ಲದ ರಾತ್ರಿ, ಒಣಗಿದ ಮೂಡಗಾಳಿ, ಎತ್ತರದ ನೆಲ. ಹಗಲು ಕಾದ ನೆಲ ತನ್ನ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ.

ಇಲ್ಲೊಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ. ಹಗಲಿನ ಚಳಿ ಬೇರೆ, ರಾತ್ರಿಯ ಚಳಿ ಬೇರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದರೆ ಹಗಲು ಬಿಸಿಲಿಲ್ಲದೆ ಮೈ ನಡುಗುತ್ತದೆ. 2022ರ ಡಿಸೆಂಬರಿನ ಮಾಂಡೌಸ್, 2024ರ ನವೆಂಬರ್ ಕೊನೆಯ ಫೆಂಗಲ್ ಚಂಡಮಾರುತಗಳಲ್ಲಿ ನೀವೇ ಅನುಭವಿಸಿದ್ದೀರಿ. ಆದರೆ ಅದೇ ಮೋಡ ರಾತ್ರಿಯ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾವಿಗೆ ಬೇಕಾದದ್ದು ಒಣ ನೆಲ, ಒಣ ಹವೆ, ಸಾಲಾಗಿ ಹಲವು ತಣ್ಣನೆಯ ರಾತ್ರಿಗಳು. ನವೆಂಬರ್, ಡಿಸೆಂಬರಿನಲ್ಲಿ ಮಳೆ ಬಂದು ನೆಲ ನೆನೆದರೆ ಮರ ಹೂವಿನ ಬದಲು ಚಿಗುರು ಹೊಡೆಯುತ್ತದೆ. ನಿಮ್ಮ ತೋಪಿನಲ್ಲಿ ಆಗಿರುವುದು ಇದೇ ಎಂದು ಕಾಣುತ್ತದೆ.

ಈಗ ನೀರು ಹಾಯಿಸಬೇಡಿ, ಉಳುಮೆ ಮಾಡಬೇಡಿ, ಸಾರಜನಕದ ಗೊಬ್ಬರ ಹಾಕಬೇಡಿ. ಕಲ್ಟಾರ್ (ಹೂವು ಬರಿಸುವ ಔಷಧಿ) ಕೊಡುವ ಕಾಲ ಆಗಸ್ಟ್, ಸೆಪ್ಟೆಂಬರ್. ಯಾರಾದರೂ ಈಗ ಹಾಕಿ ಎಂದರೆ ಕೇಳಬೇಡಿ, ಹಣವೂ ಹಾಳು, ಮರಕ್ಕೂ ಹಾನಿ. ಚಿಗುರು ಬಲಿಯದ ಕೊಂಬೆಗಳನ್ನು ಬಿಟ್ಟು ಬಲಿತ ಕೊಂಬೆಗಳಿಗೆ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಬಹುದೇ ಎಂದು ತೋಟಗಾರಿಕೆ ಇಲಾಖೆಯವರಿಗೆ ಮರ ತೋರಿಸಿ ಕೇಳಿ. ಹೂಗೊಂಚಲು ಹೊರಟ ಮೇಲೆ ಬೆಳಗಿನ ಮಂಜು, ಇಬ್ಬನಿ ಹೆಚ್ಚಿದ್ದರೆ ಬೂದಿರೋಗ ಬರುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡರಿಂದ ಮೂರು ಗ್ರಾಂನಂತೆ ಬೆರೆಸಿ ಹೂವು ಅರಳುವ ಮುಂಚೆ ಸಿಂಪಡಿಸಿ. ಹೂವು ಪೂರ್ತಿ ಅರಳಿದಾಗ ಕೀಟನಾಶಕ ಹೊಡೆಯಬೇಡಿ. ಜೇನುನೊಣ ಸತ್ತರೆ ಕಾಯಿ ಕಚ್ಚುವುದಿಲ್ಲ.

ಪ್ರಶ್ನೆ: ಚಳಿಗೆ ರೇಷ್ಮೆಹುಳು ಸೊಪ್ಪು ತಿನ್ನುತ್ತಿಲ್ಲ, ಕೆಲವು ಸತ್ತು ಸುಣ್ಣದ ಕಡ್ಡಿಯಂತಾಗಿವೆ. ಇನ್ನೂ ಚಳಿ ಬರುತ್ತದೆ ಎನ್ನುತ್ತಿದ್ದಾರೆ. ಈ ಬೆಳೆ ಬಿಟ್ಟುಬಿಡಲೇ?
– ರೇಷ್ಮೆ ಬೆಳೆಗಾರ್ತಿ, ಚನ್ನಪಟ್ಟಣ

ಉತ್ತರ: ಬಿಡಬೇಕಿಲ್ಲ ತಾಯಿ. ಹುಳು ಮಂದವಾಗಿರುವುದು ಚಳಿಯಿಂದ, ಸತ್ತಿರುವುದು ಸುಣ್ಣಕಟ್ಟು ರೋಗದಿಂದ (ತಂಪು, ತೇವ ಎರಡೂ ಸೇರಿದಾಗ ಹಬ್ಬುವ ಬೂಷ್ಟು). ಚಳಿ ನಿಮ್ಮ ಕೈಯಲ್ಲಿಲ್ಲ, ಮನೆಯೊಳಗಿನ ತೇವ ನಿಮ್ಮ ಕೈಯಲ್ಲಿದೆ.

ಸತ್ತ ಹುಳುಗಳನ್ನು, ಮೈ ಗಟ್ಟಿಯಾಗುತ್ತಿರುವವನ್ನು ಬಿಳುಪಾಗುವ ಮುಂಚೆಯೇ ಆರಿಸಿ ಸುಟ್ಟುಬಿಡಿ. ಒದ್ದೆ ಸೊಪ್ಪು ಹಾಕಬೇಡಿ. ಹಾಸಿಗೆ ಒಣಗಿರಲಿ, ಜ್ವರದಲ್ಲಿ (ಪೊರೆ ಬಿಡುವಾಗ) ಸುಣ್ಣದ ಪುಡಿ ಉದುರಿಸಿ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಬಿಸಿ ಸಾಕು. ವಿದ್ಯುತ್ ಹೀಟರ್ ಇದ್ದರೆ ಒಳ್ಳೆಯದು. ಇದ್ದಿಲ ಒಲೆಯೇ ಗತಿಯಾದರೆ ಕೆಂಡ ಹೊರಗೆ ಹೊಗೆ ಆರಿದ ಮೇಲೆ ಒಳಗೆ ತನ್ನಿ, ಮೇಲಿನ ಗವಾಕ್ಷಿ ತೆರೆದಿರಲಿ. ಕಾವಲಿಗೆಂದು ನೀವು ಅಲ್ಲೇ ಮಲಗಬೇಡಿ. ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ (ಉಸಿರಿನ ಮೂಲಕ ರಕ್ತ ಸೇರಿ ಜೀವ ತೆಗೆಯುವ ಅನಿಲ) ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಪ್ರಶ್ನೆ: ನನ್ನ ಮಗ, ಸೊಸೆ, ಪುಟ್ಟ ಮೊಮ್ಮಗಳು ಅಮೆರಿಕದ ಶಿಕಾಗೋದಲ್ಲಿದ್ದಾರೆ. ‘ಪೋಲಾರ್ ವೋರ್ಟೆಕ್ಸ್’ ಇಳಿದು ಬರುತ್ತದಂತೆ. ಅವನು ಫೋನಿನಲ್ಲಿ ನಗುತ್ತಾನೆ, ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಭೂಮಿ ಬಿಸಿಯಾಗುತ್ತಿದೆ ಅನ್ನುತ್ತಾರೆ, ಮತ್ತೆ ಇಷ್ಟು ಹಿಮ ಎಲ್ಲಿಂದ?
– ಒಬ್ಬ ತಾಯಿ, ತಿಪ್ಪಸಂದ್ರ ಹೋಬಳಿ

ಉತ್ತರ: ಮಗನ ಮನೆಯವರಿಗೆ ಆ ಚಳಿಯಲ್ಲಿ ಏನಾಗುತ್ತದೋ ಎಂಬುದು ನಿಮ್ಮ ಸಂಕಟ. ಹದಿಮೂರು ಡಿಗ್ರಿಗೇ ಕಂಬಳಿ ಹೊದೆಯುವ ಊರಿನಲ್ಲಿ ಕೂತು ಆ ಚಳಿಯನ್ನು ಊಹಿಸಿಕೊಂಡರೆ ನಿದ್ದೆ ಬಾರದಿರುವುದು ಸಹಜ. ಶಿಕಾಗೋ ಅಂಥ ಚಳಿಗೆಂದೇ ಕಟ್ಟಿದ ಊರು. ಮನೆ, ಶಾಲೆ, ಅಂಗಡಿ ಎಲ್ಲವೂ ಒಳಗೆ ಬೆಚ್ಚಗಿರುತ್ತವೆ. ಕೆಲವು ದಿನ ಮೊದಲೇ ಎಚ್ಚರಿಕೆ ಬರುತ್ತದೆ, ತೀರಾ ಹೆಚ್ಚಾದರೆ ಶಾಲೆಗೆ ರಜೆ ಕೊಡುತ್ತಾರೆ. 2019ರ ಜನವರಿ 30ರಂದು ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗಿತ್ತು. ಅಂದು ಜನ ಮನೆಯಲ್ಲೇ ಉಳಿದರು.

ಪೋಲಾರ್ ವೋರ್ಟೆಕ್ಸ್ ಎಂದರೆ ಉತ್ತರ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ಚಳಿಗಾಲವಿಡೀ ಗಿರಗಿರನೆ ಸುತ್ತುವ ಗಾಳಿಯ ಸುಳಿ. ಅದನ್ನು ಒಂದು ಬುಗುರಿ ಎಂದುಕೊಳ್ಳಿ. ಜೋರಾಗಿ ತಿರುಗುವಾಗ ಬುಗುರಿ ನಿಂತಲ್ಲೇ ನಿಲ್ಲುತ್ತದೆ, ಚಳಿಯೂ ಧ್ರುವದಲ್ಲೇ ಬಂದಿಯಾಗಿರುತ್ತದೆ. ವೇಗ ತಗ್ಗಿದರೆ ಓಲಾಡುತ್ತದೆ. ಆಗ ಚಳಿಯ ತುಂಡುಗಳು ಅಮೆರಿಕಕ್ಕೋ ಯುರೋಪಿಗೋ ಇಳಿಯುತ್ತವೆ. 2019ರ ಆ ಚಳಿಗೆ ಮುಂಚೆ, ಜನವರಿಯ ಆರಂಭದಲ್ಲೇ, ಧ್ರುವದ ಮೇಲಿನ ಎತ್ತರದ ವಾಯುಮಂಡಲ ಇದ್ದಕ್ಕಿದ್ದಂತೆ ಬಿಸಿಯಾಗಿ ಸುಳಿ ಮುರಿದಿತ್ತು.

ಬುಗುರಿಯ ವೇಗ ತಗ್ಗಿಸುವವರಾರು? ಇಲ್ಲಿ ಮತ್ತೆ ಹಿಮ ಬರುತ್ತದೆ. ಅಕ್ಟೋಬರಿನಲ್ಲಿ ಸೈಬೀರಿಯಾದಲ್ಲಿ ಹಿಮ ಬೇಗ ಹರಡಿದರೆ ಅಲ್ಲಿನ ಅಧಿಕ ಒತ್ತಡ ಬಲವಾಗಿ, ಅದರಿಂದ ಎದ್ದ ದೊಡ್ಡ ಅಲೆಗಳು ಮೇಲೇರಿ ಸುಳಿಯನ್ನು ಕುಗ್ಗಿಸುತ್ತವೆ ಎಂದು ಅಮೆರಿಕದ ಜೂಡಾ ಕೊಹೆನ್ ಮೊದಲಾದವರು ವಾದಿಸಿದ್ದಾರೆ. ಕೆಲವು ವರ್ಷ ಈ ಲೆಕ್ಕ ಹೊಂದಿದೆ, ಕೆಲವು ವರ್ಷ ಹೊಂದಿಲ್ಲ. ವಿಜ್ಞಾನಿಗಳಲ್ಲಿ ಇದರ ಚರ್ಚೆ ಮುಗಿದಿಲ್ಲ. ಭೂಮಿ ಬಿಸಿಯಾಗುತ್ತಿರುವುದಂತೂ ನಿಜ. 1960ರ ದಶಕಕ್ಕೆ ಹೋಲಿಸಿದರೆ ಜೂನ್ ಹೊತ್ತಿಗೆ ಉಳಿದಿರುವ ಹಿಮದ ಹರವು ಬಹಳ ಕುಗ್ಗಿದೆ. ಆದರೆ ಒಂದು ಡಿಗ್ರಿ ಬಿಸಿ ಏರಿದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹೊರಬಲ್ಲದು. ಜನವರಿಯಲ್ಲಿ ಅಲ್ಲಿ ಇನ್ನೂ ಸೊನ್ನೆಗಿಂತ ಕೆಳಗೇ ಇರುವುದರಿಂದ ಆ ತೇವ ಹಿಮವಾಗಿ ಒಮ್ಮೆಗೇ ಸುರಿಯಬಹುದು. ಎರಡು ಮಾತಿಗೂ ವಿರೋಧವಿಲ್ಲ.

ಮಗನಿಗೆ ಇಷ್ಟು ಹೇಳಿ, ಅಮ್ಮ ಹೇಳಿದರೆ ಕೇಳುತ್ತಾನೆ. ಕಾರಿನಲ್ಲಿ ಕಂಬಳಿ, ಕುಡಿಯುವ ನೀರು, ಸ್ವಲ್ಪ ತಿಂಡಿ, ಫೋನ್ ಚಾರ್ಜರ್ ಇರಲಿ. ಕಾರು ಹಿಮದಲ್ಲಿ ಹೂತರೆ ಎಂಜಿನ್ ಹಾಕುವ ಮುನ್ನ ಹೊಗೆ ಕೊಳವೆಯ ಬಾಯಿ ಬಿಡಿಸಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಅದೇ ವಿಷಾನಿಲ ಒಳಗೆ ತುಂಬುತ್ತದೆ. ಮಗುವಿನ ಕಿವಿ, ಬೆರಳು, ಮೂಗು ಮುಚ್ಚಿರಲಿ. ಅಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ನಮ್ಮ ಜನರ ಪರಿಚಯ ಮಾಡಿಕೊಂಡಿದ್ದರೆ ಆಪತ್ತಿಗೆ ಆಗುತ್ತಾರೆ. ನೀವು ಟಿ.ವಿ. ನೋಡಿ ಕೊರಗುವ ಬದಲು, ಎಚ್ಚರಿಕೆ ಬಂದ ದಿನ ಮಗ ತಾನೇ ಒಂದು ಸಲ ಫೋನ್ ಮಾಡಲಿ ಎಂದು ಮಾತು ತೆಗೆದುಕೊಳ್ಳಿ.

ಪ್ರಶ್ನೆ: ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ಆಗಸ್ಟ್ ತನಕ ಹಿಂದೆಂದೂ ಇಲ್ಲದ ಚಳಿ, ಮೈಕೈ ನೋವು ಬರುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಮ್ಮ ಅಜ್ಜಿ ಹೆದರಿಕೊಂಡು ಬಾಗಿಲು ಹಾಕಿ ಕೋಣೆಯಲ್ಲೇ ಕೆಂಡ ಇಟ್ಟುಕೊಳ್ಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?
– ಮೊಮ್ಮಗ, ಕುದೂರು

ಉತ್ತರ: ಅಜ್ಜಿಗೆ ನಿಜವಾಗಿಯೂ ಚಳಿಯಾಗುತ್ತಿದೆ. ಆ ಸಂದೇಶ ಅದಕ್ಕೊಂದು ಕಾರಣ ಕೊಟ್ಟು ಹೆದರಿಸಿದೆ, ಅಷ್ಟೇ. ಅವರನ್ನು ಗದರಿಸಬೇಡಿ.

ಸಂದೇಶ ಮಾತ್ರ ತಪ್ಪು. ಭೂಮಿ ಪ್ರತಿ ವರ್ಷ ಸೂರ್ಯನಿಗೆ ಅತಿ ಹತ್ತಿರ ಇರುವುದೇ ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಜುಲೈನಲ್ಲಿ, ಸುಮಾರು 15.2 ಕೋಟಿ. ಯಾವಾಗಲೂ ಹೀಗೆಯೇ. ಚಳಿಗಾಲಕ್ಕೆ ಕಾರಣ ಭೂಮಿಯ ವಾಲಿಕೆ, ದೂರವಲ್ಲ. ಹಿಂದೆಂದೂ ಇಲ್ಲದ ಚಳಿ ಎಂಬುದಕ್ಕೆ ಬೆಂಗಳೂರಿನ ದಾಖಲೆ ತೋರಿಸಿ: 1884ರ ಜನವರಿ 13ರಂದು 7.8 ಡಿಗ್ರಿ. ಆ ದಾಖಲೆ ಇನ್ನೂ ಮುರಿದಿಲ್ಲ. ಶಿವರಾತ್ರಿಗೆ ಚಳಿ ಹೊರಡುತ್ತದೆ ಎಂಬುದು ಅಜ್ಜಿಗೇ ಗೊತ್ತಿರುವ ಲೆಕ್ಕ, ಅದನ್ನೇ ನೆನಪಿಸಿ.

ಕೆಂಡವನ್ನು ಇವತ್ತೇ ಕೋಣೆಯಿಂದ ಹೊರಗಿಡಿ. ರೇಷ್ಮೆ ಮನೆಗೆ ಹೇಳಿದ ಎಚ್ಚರಿಕೆ ಇಲ್ಲಿಗೆ ಇನ್ನೂ ಹೆಚ್ಚು, ಏಕೆಂದರೆ ಅವರು ಬಾಗಿಲು ಹಾಕಿ ನಿದ್ದೆ ಮಾಡುತ್ತಾರೆ. ಕಾಲಿಗೆ ಉಣ್ಣೆಯ ಚೀಲ, ತಲೆಗೆ ಕಿವಿ ಮುಚ್ಚುವ ಟೋಪಿ, ಒಂದರ ಮೇಲೊಂದು ತೆಳು ಬಟ್ಟೆ, ಮಲಗುವ ಮುನ್ನ ಹಾಸಿಗೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡಿ. ನಸುಕಿನ ಮಂಜಿನಲ್ಲಿ ಹೊರಗೆ ಕಳಿಸಬೇಡಿ, ಎಂಟು ಗಂಟೆಯ ಬಿಸಿಲಿಗೆ ಜಗುಲಿಯಲ್ಲಿ ಕೂರಿಸಿ. ಬಿ.ಪಿ. ಮಾತ್ರೆ ನುಂಗುವವರಾದರೆ ಈ ತಿಂಗಳು ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಒತ್ತಡ ನೋಡಿಸಿ, ಚಳಿಗೆ ರಕ್ತದೊತ್ತಡ ಏರುವುದುಂಟು.